ಆರನೆಯ ಅಕ್ಷರ

ಪಟ್ಟಿ ಇಪ್ಪತ್ತೈದು. ಹುಡುಗಿಯರು ಆರು.
ಡಬ್ಬಿಯ ತಳದ ತಾರೀಖು ಹೋದ ವಾರವೇ ತೀರಿದೆ.
ಒಬ್ಬೊಬ್ಬಳಿಗೆ ಆರು ಹನಿಯಾದರೂ ಬೇಕು, ನೀವೇ ಲೆಕ್ಕ ಹಾಕಿ.
ನಾನು ಹಾಕಿದೆ, ಗ್ಯಾರೇಜಿನ ಗೋಡೆಗೆ, ಸೀಮೆಸುಣ್ಣದಲ್ಲಿ,
ಗೆಬ್ರಾಯ್ ಮಾಮ ಫಿಯಾಟುಗಳ ಬಾಕಿ ಬರೆಯುವ ಜಾಗದ ಕೆಳಗೆ.

ಅಸ್ಮಾರಾ. ಬೆಳಿಗ್ಗೆ ಆರೂವರೆ.
ಎದುರಿನ ಬಾರಿನಲ್ಲಿ ಕಾಫಿ ಯಂತ್ರ ಉಸ್ಸೆನ್ನುತ್ತಿದೆ,
ಅದಕ್ಕೇನು, ಎಷ್ಟು ಬೇಕಾದರೂ ಉಸಿರು ಬಿಡಬಹುದು.
ನಾವಿರುವುದು ಎರಡು ಸಾವಿರದ ಮುನ್ನೂರು ಮೀಟರ್ ಮೇಲೆ.
ಮಿಲಾನಿನಿಂದ ಬಂದ ಕೋಷ್ಟಕ ಕಡಲ ಮಟ್ಟದವರದ್ದು;
ಅದನ್ನು ನಂಬಿದರೆ ನನ್ನ ಹುಡುಗಿಯರೆಲ್ಲ ಕೊಂಚ ಸೋಮಾರಿಗಳು.

ಮೊದಲು ಲೆತೆಯೇಸುಸ್.
ನೂರು ವಾಟಿನಿಂದ ಶುರು, ನಾಲ್ಕು ನಿಮಿಷಕ್ಕೊಮ್ಮೆ ಇಪ್ಪತ್ತೈದು ಏರಿಸು.
ಕಿವಿಯ ಹಾಲೆಗೆ ಸೂಜಿ. ಮೊದಲ ಹನಿ ಒರೆಸಿಬಿಡು,
ಅದರಲ್ಲಿ ಬೆವರಿರುತ್ತದೆ, ಬೆವರು ಸುಳ್ಳು ಹೇಳುತ್ತದೆ.
ಎರಡನೆಯದು ರಕ್ತ.
ಒಂದು ಪಾಯಿಂಟ್ ಎರಡು. ಒಂದು ಪಾಯಿಂಟ್ ಒಂದು.
ಹೌದು, ಮೊದಲು ಇಳಿಯುತ್ತದೆ,
ಒಲೆ ಹತ್ತಿಕೊಂಡ ಮೇಲೆ ಹೊಗೆ ತಗ್ಗುವ ಹಾಗೆ.
ಒಂದೂವರೆ. ಎರಡು ಪಾಯಿಂಟ್ ಮೂರು. ಮೂರು ಪಾಯಿಂಟ್ ಒಂಬತ್ತು.
ಆಮೇಲಿನದು ಏಳು.

ನಡುವೆ ಎಲ್ಲೋ ಹೊಸ್ತಿಲು ದಾಟಿದಳು.
ಎಲ್ಲಿ? ನಾಲ್ಕಕ್ಕೆ, ಅನ್ನುತ್ತಾರೆ ಒಬ್ಬರು.
ಗೆರೆಯ ಎರಡು ತುದಿಗೆ ಹೆದೆ ಕಟ್ಟು, ಅನ್ನುತ್ತಾರೆ ಇನ್ನೊಬ್ಬರು,
ಬಿಲ್ಲು ಹೆದೆಯಿಂದ ಎಲ್ಲಿ ಅತಿ ದೂರವೋ ಅಲ್ಲಿ.
ಮನೆಯ ಹೊಸ್ತಿಲಾದರೆ ಎಡವಿದ ಬೆರಳು ಹೇಳುತ್ತದೆ.
ಇದು ತಿರುಗಿ ನೋಡಿದಾಗ ಮಾತ್ರ ಇರುವ ಹೊಸ್ತಿಲು.

ಎರಡನೆಯವಳಿಗೂ ಆರು. ಒಂದು ನನ್ನ ಕೈ ನಡುಗಿ ಹಾಳು.
ಉಳಿದದ್ದು ಹನ್ನೆರಡು, ನಾಲ್ವರಿಗೆ.

ಗೆಬ್ರಾಯ್ ಮಾಮ ಕೈಯ ಗ್ರೀಸ್ ಒರೆಸಿಕೊಳ್ಳುತ್ತ,
"ಅಕ್ಷರ ಹೇಳಿಸು," ಅಂದ. "ನಮ್ಮ ಕಾಲದಲ್ಲಿ ಸೂಜಿ ಎಲ್ಲಿತ್ತು?"
ಹೆ ಹು ಹಿ ಹಾ ಹೇ ಹ್ ಹೋ.
ಸಾಲಿಗೆ ಏಳು, ಒಂದು ಸಾಲಿಗೆ ಒಂದೇ ಉಸಿರು,
ಇಗರ್ಜಿಯ ಅಂಗಳದಲ್ಲಿ ಬೆತ್ತದ ಎದುರು ಕಲಿತ ಕಾಗುಣಿತ.

ಮಿಜಾನ್ ಹೇಳಿದಳು.
ನೂರೈವತ್ತಕ್ಕೆ, ಮಗುವಿಗೆ ಹೇಳಿಕೊಡುವಂತೆ.
ನೂರ ಎಪ್ಪತ್ತೈದಕ್ಕೆ, ಅಂಗಡಿಯವನೊಡನೆ ಚೌಕಾಸಿಯಂತೆ.
ಇನ್ನೂರಕ್ಕೆ ಹೆ ಲೆ ಸಾಲುಗಳನ್ನು ಹೇಗೋ ತಳ್ಳಿಕೊಂಡು ಬಂದಳು,
ಮೆ ಮು ಮಿ ಮಾ ಮೇ
ಅಲ್ಲಿ ನಿಂತಳು. ಕಾಲಲ್ಲ, ಕಾಲು ತಿರುಗುತ್ತಲೇ ಇತ್ತು.
ಆರನೆಯದಕ್ಕೆ ಸ್ವರವಿಲ್ಲ. ಮ್ ಅನ್ನಲು
ತುಟಿಗೆ ತುಟಿ ಕೂಡಬೇಕು.
ಕೂಡಲಿಲ್ಲ. ಗಾಳಿಗೆ ತೆರೆದ ಬಾಯಿ
ಅಷ್ಟು ಹೊತ್ತು ಕೂಡ ಮುಚ್ಚಲೊಪ್ಪಲಿಲ್ಲ.
ಪಟ್ಟಿ ಹಚ್ಚಿದೆ: ಮೂರು ಪಾಯಿಂಟ್ ಎಂಟು.
ಮಾಮ ಏನೂ ಅನ್ನದೆ ಬಾನೆಟ್ಟಿನೊಳಗೆ ತಲೆ ಹಾಕಿದ.

ಕೊನೆಗೆ ಹಿವೆತ್.
ಹಿವೆತ್ ತೊದಲುತ್ತಾಳೆ.
ತನ್ನ ಹೆಸರನ್ನೇ ಮೂರು ಸಲ ಬಾಗಿಲು ತಟ್ಟಿ ಹೇಳುವವಳು.
ಅವಳಿಗೆಂದೇ ಬೇರೆಯವರಿಂದ ಉಳಿಸಿ ಆರು ಪಟ್ಟಿ ಎತ್ತಿಟ್ಟಿದ್ದೆ,
ನಿನಗೆ ಅಕ್ಷರ ಬೇಡ, ಅಂದೆ.
ತಲೆಯಾಡಿಸಿದಳು. ಬೇಕು.

ನೂರಕ್ಕೆ ಹೆ ಹೆ ಹೆ. ನಾನು ಗೋಡೆ ನೋಡಿದೆ.
ನೂರಿಪ್ಪತ್ತೈದಕ್ಕೂ ಅದೇ.
ನೂರ ಎಪ್ಪತ್ತೈದರ ಹೊತ್ತಿಗೆ ಪೆಡಲು ತಾಳ ಹಿಡಿದಿತ್ತು,
ಲೆ ಲು ಲಿ ಲಾ, ಒಂದು ಸುತ್ತಿಗೆ ಒಂದು,
ಸಾಲಿನ ಮೇಲೆ ಸಾಲು, ಎಲ್ಲೂ ಗಂಟು ಬೀಳದೆ,
ಇನ್ನೂರಕ್ಕೆ ಮ್,
ಇನ್ನೂರಿಪ್ಪತ್ತೈದಕ್ಕೂ ಮ್,
ಬಾರಿನ ಮುದುಕರಿಬ್ಬರು ಕಪ್ಪು ಹಿಡಿದೇ ಬಾಗಿಲಿಗೆ ಬಂದರು.
ಇನ್ನೂರೈವತ್ತಕ್ಕೆ ಮೇ ಅಂದವಳು ಮುಂದೆ ಹೋಗಲಿಲ್ಲ.

ತೊದಲೋ, ದಮ್ಮೋ?
ತೊದಲಿದಾಗ ಅವಳ ಕಣ್ಣು ನೆಲಕ್ಕೆ ಬೀಳುತ್ತದೆ.
ಇವತ್ತು ಎದುರಿಗೇ ಇತ್ತು.

ಸೂಜಿ ಕೈಯಲ್ಲೇ ಇತ್ತು, ಡಬ್ಬಿ ತೆರೆದೇ ಇರಲಿಲ್ಲ.
ಗೋಡೆಯ ಮೇಲೆ ಅವಳ ಹೆಸರಿನ ಮುಂದೆ
ಅಂಕಿ ಬರೆಯಬೇಕಾದಲ್ಲಿ ಆ ಒಂದು ಅಕ್ಷರ ಬರೆದೆ.
ಮಾಮ ಅದನ್ನು ಯಾರದೋ ಬಾಕಿ ಅಂದುಕೊಂಡ.